ಮಾತ್ರೆಯೋ, ಕಾಪರ್ ಟಿಯೋ, ಇಂಜೆಕ್ಷನ್ನೋ? ನಿಮಗೆ ಒಗ್ಗುವ ಗರ್ಭನಿರೋಧಕ ಆರಿಸಿಕೊಳ್ಳುವುದು ಹೇಗೆ

"ಮಾತ್ರೆ ತಗೊಳ್ಳಲಾ, ಕಾಪರ್ ಟಿ ಹಾಕಿಸಿಕೊಳ್ಳಲಾ, ಇಲ್ಲಾ ಇಂಜೆಕ್ಷನ್ನೇ ಸಾಕಾ?" ಈ ಪ್ರಶ್ನೆ ಕೇಳುವ ಹೆಂಗಸರಿಗೆ ಸಲಹೆಗಳ ಕೊರತೆ ಇರುವುದಿಲ್ಲ. ಅಕ್ಕ ಮಾತ್ರೆ ಬೇಡವೇ ಬೇಡ ಅಂದಿರುತ್ತಾಳೆ. ಗೆಳತಿ ಕಾಪರ್ ಟಿ ಹಾಕಿಸಿಕೊಂಡು ಆರಾಮಾಗಿರುತ್ತಾಳೆ. ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟಿರುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬೊಬ್ಬರೂ ತಮಗೆ ಮುಖ್ಯ ಅನಿಸಿದ್ದನ್ನು ಇಟ್ಟುಕೊಂಡು ಹೇಳಿದ್ದಾರೆ, ಅಷ್ಟೇ. ನಿಮಗೆ ಮುಖ್ಯವಾದದ್ದು ಬೇರೆಯೇ ಇರಬಹುದು, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, 2021ರಲ್ಲಿ ಬಸಿರು ಬೇಡವೆಂದಿದ್ದರೂ ಯಾವ ಗರ್ಭನಿರೋಧಕವನ್ನೂ ಬಳಸದೆ ಇದ್ದ ಹೆಂಗಸರು ಜಗತ್ತಿನಲ್ಲಿ 16 ಕೋಟಿ 40 ಲಕ್ಷ. ಇವರೆಲ್ಲರಿಗೂ ಔಷಧ ಸಿಗಲಿಲ್ಲ ಅಂತಲ್ಲ. ಎಷ್ಟೋ ಜನ ಅಡ್ಡಪರಿಣಾಮಕ್ಕೆ ಹೆದರಿ ದೂರ ಉಳಿದಿದ್ದಾರೆ. ಕೆಲವರು ಒಮ್ಮೆ ಬಳಸಿ, ತೊಂದರೆ ಆದಾಗ ಕೇಳುವವರಿಲ್ಲದೆ ಬಿಟ್ಟಿದ್ದಾರೆ. ಅದಕ್ಕೇ ನಾನು ಬರೀ "ಯಾವುದು ಜಾಸ್ತಿ ಪರಿಣಾಮಕಾರಿ" ಎಂಬ ಪಟ್ಟಿ ಕೊಡುವುದಿಲ್ಲ. ಮೊದಲು ಏನೇನು ನೋಡಬೇಕು ಎಂದು ಹೇಳುತ್ತೇನೆ.

ಮೊದಲು ಇವನ್ನು ನೋಡಿ

ಒಂದು, ನಿಜ ಜೀವನದಲ್ಲಿ ಅದು ಎಷ್ಟು ಸಲ ಕೈಕೊಡುತ್ತದೆ. ಪೊಟ್ಟಣದ ಮೇಲೆ ಬರೆದಿರುವುದು ಒಂದು ದಿನವೂ ತಪ್ಪದೆ ಬಳಸಿದರೆ ಸಿಗುವ ಫಲ. ನಾವು ಮರೆಯುತ್ತೇವೆ, ಹುಷಾರು ತಪ್ಪುತ್ತೇವೆ, ಊರಿಗೆ ಹೋಗುತ್ತೇವೆ. ಹಾಗೆ ಬಳಸುವ 100 ಹೆಂಗಸರನ್ನು ಒಂದು ವರ್ಷ ಗಮನಿಸಿದರೆ ಲೆಕ್ಕ ಹೀಗಿದೆ: ಏನೂ ಬಳಸದಿದ್ದರೆ 85 ಜನ ಬಸಿರಾಗುತ್ತಾರೆ. ಗಂಡಸು ಹೊರಗೆ ಸ್ಖಲಿಸುವ ಪದ್ಧತಿಯಲ್ಲಿ 20 ಜನ, ಕಾಂಡೋಮಿನಲ್ಲಿ 13, ಮಾತ್ರೆಯಲ್ಲಿ 7, ಇಂಜೆಕ್ಷನ್ನಿನಲ್ಲಿ 4. ಕಾಪರ್ ಟಿಯಲ್ಲಿ ಒಬ್ಬರಿಗಿಂತ ಕಡಿಮೆ. ತೋಳಿನಲ್ಲಿ ಇಡುವ ಇಂಪ್ಲಾಂಟಿನಲ್ಲಿ ಸಾವಿರಕ್ಕೆ ಒಬ್ಬರು.

ಎರಡು, ಮುಟ್ಟಿಗೆ ಏನಾಗುತ್ತದೆ. ಕೆಲವು ವಿಧಾನ ರಕ್ತಸ್ರಾವ ಹೆಚ್ಚಿಸುತ್ತವೆ, ಕೆಲವು ಕಡಿಮೆ ಮಾಡುತ್ತವೆ, ಕೆಲವು ಯಾವಾಗ ಆಗುತ್ತದೋ ಗೊತ್ತಾಗದ ಹಾಗೆ ಮಾಡುತ್ತವೆ. ಹೆಂಗಸರು ಮಧ್ಯದಲ್ಲೇ ಬಿಟ್ಟುಬಿಡುವುದಕ್ಕೆ ದೊಡ್ಡ ಕಾರಣ ಇದು. ಮೊದಲೇ ಹೇಳಿದ್ದರೆ ಎಷ್ಟೋ ಜನ ಹೆದರುತ್ತಿರಲಿಲ್ಲ, ಇಲ್ಲವೇ ಬೇರೆಯದನ್ನೇ ಆರಿಸುತ್ತಿದ್ದರು.

ಮೂರು, ನಿಮ್ಮ ಆರೋಗ್ಯ. ಬಿಪಿ, ಮೈಗ್ರೇನ್, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಚರಿತ್ರೆ, ಎದೆಹಾಲು ಕುಡಿಯುವ ಮಗು, ನಿತ್ಯ ತಗೊಳ್ಳುವ ಬೇರೆ ಔಷಧ. ಇವು ಆಯ್ಕೆಯನ್ನೇ ಬದಲಿಸುತ್ತವೆ.

ನಾಲ್ಕು, ಖರ್ಚು. ಔಷಧದ ಬೆಲೆಯ ಜೊತೆ ಪ್ರತಿ ಸಲ ಹೋಗಿ ಬರುವ ದಾರಿಖರ್ಚು, ಕೆಲಸಕ್ಕೆ ಹಾಕುವ ರಜೆ, ಮಗುವನ್ನು ನೋಡಿಕೊಳ್ಳಲು ಬೇರೆಯವರನ್ನು ಕೇಳಬೇಕಾದ ಮುಜುಗರವನ್ನೂ ಸೇರಿಸಿ. ಮಾತ್ರೆಗೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹೋಗುತ್ತದೆ. ಕಾಪರ್ ಟಿ, ಇಂಪ್ಲಾಂಟಿಗೆ ಒಮ್ಮೆಲೇ ದೊಡ್ಡ ಮೊತ್ತ ಬೇಕಾಗಬಹುದು, ವರ್ಷಗಳಿಗೆ ಹಂಚಿದರೆ ಅವೇ ಅಗ್ಗ. ಆದರೆ ಒಮ್ಮೆಲೇ ಕೊಡಲು ಕೈಯಲ್ಲಿ ಹಣ ಇಲ್ಲದವರಿಗೆ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಸರ್ಕಾರಿ ಆರೋಗ್ಯ ಸೇವೆಯಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಐದನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಬೇಡ ಅನಿಸಿದ ದಿನ ಅದನ್ನು ನಿಲ್ಲಿಸುವುದು ಯಾರ ಕೈಯಲ್ಲಿದೆ? ಮಾತ್ರೆಯನ್ನು ನೀವೇ ನಿಲ್ಲಿಸಬಹುದು, ಯಾರ ಅಪ್ಪಣೆಯೂ ಬೇಡ. ಕಾಪರ್ ಟಿ, ಇಂಪ್ಲಾಂಟ್ ತೆಗೆಯಲು ತರಬೇತಿ ಪಡೆದವರೇ ಬೇಕು. ಇಂಜೆಕ್ಷನ್ ಒಮ್ಮೆ ಮೈಗೆ ಹೋದರೆ ತೆಗೆಯುವ ಮಾತೇ ಇಲ್ಲ, ಇಳಿಯುವವರೆಗೂ ಕಾಯಬೇಕು. ಹಾಕುವಾಗ ಇದ್ದ ಉತ್ಸಾಹ ತೆಗೆಯುವಾಗ ಇರುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಹೆಂಗಸರು ಹೇಳಿಕೊಂಡಿದ್ದಾರೆ. "ಇನ್ನೂ ಸ್ವಲ್ಪ ದಿನ ನೋಡಿ", "ಇಷ್ಟು ಬೇಗ ಯಾಕೆ" ಎಂದು ವಾಪಸ್ ಕಳಿಸುತ್ತಾರೆ. ಅದಕ್ಕೇ ಹಾಕಿಸಿಕೊಳ್ಳುವ ಮೊದಲೇ ನೇರವಾಗಿ ಕೇಳಿ: "ನನಗೆ ಬೇಡ ಅನಿಸಿದರೆ ಇಲ್ಲೇ ತೆಗೆದುಕೊಡುತ್ತೀರಾ? ಅದಕ್ಕೆ ಎಷ್ಟಾಗುತ್ತದೆ?" ಉತ್ತರ ಸ್ಪಷ್ಟವಾಗಿ ಬರದಿದ್ದರೆ ಬೇರೆ ಕಡೆ ಹೋಗುವುದು ವಾಸಿ.

ಮಾತ್ರೆ

ಮಾತ್ರೆಯಲ್ಲಿ ಎರಡು ಬಗೆ. ಒಂದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಹಾರ್ಮೋನು ಇರುತ್ತವೆ. ಇನ್ನೊಂದರಲ್ಲಿ ಪ್ರೊಜೆಸ್ಟಿನ್ ಮಾತ್ರ. ಸಾಮಾನ್ಯವಾಗಿ "ಮಾತ್ರೆ" ಅಂದರೆ ಮೊದಲನೆಯದು.

ಇದರ ಲಾಭ ತುಂಬಾ ಇವೆ. ಮುಟ್ಟು ಹೇಳಿದ ದಿನಕ್ಕೆ ಬರುತ್ತದೆ, ರಕ್ತಸ್ರಾವ ಮತ್ತು ಹೊಟ್ಟೆನೋವು ಕಡಿಮೆಯಾಗುತ್ತವೆ, ಮೊಡವೆಯೂ ಇಳಿಯಬಹುದು. ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆ ತಗ್ಗುತ್ತದೆ. ಸ್ತನ ಕ್ಯಾನ್ಸರಿನ ಸಾಧ್ಯತೆ ಬಳಸುವಾಗ ತುಸು ಏರುತ್ತದೆ, ನಿಲ್ಲಿಸಿದ ಮೇಲೆ ವರ್ಷಗಳು ಕಳೆದಂತೆ ಇಳಿಯುತ್ತದೆ. ಶುರು ಮಾಡಲು ಒಳಪರೀಕ್ಷೆ ಬೇಕಿಲ್ಲ. ಬಿಪಿ ನೋಡಿಸಿ, ನಿಮ್ಮ ಆರೋಗ್ಯದ ವಿವರ ಸರಿಯಾಗಿ ಹೇಳಿದರೆ ಸಾಕು. ಒಳಪರೀಕ್ಷೆಯ ಭಯಕ್ಕೆ ಆಸ್ಪತ್ರೆಗೇ ಹೋಗದವರಿಗೆ ಇದು ಗೊತ್ತಿರಬೇಕು.

ಎಲ್ಲರೂ ಕೇಳುವುದು ರಕ್ತ ಹೆಪ್ಪುಗಟ್ಟುವ ಭಯದ ಬಗ್ಗೆ. ಆ ಭಯ ಸುಳ್ಳಲ್ಲ, ಆದರೆ ಅದರ ಗಾತ್ರ ತಿಳಿದಿರಲಿ. ವರ್ಷಕ್ಕೆ 10,000 ಹೆಂಗಸರಲ್ಲಿ, ಮಾತ್ರೆ ತಗೊಳ್ಳದೆ ಬಸಿರೂ ಆಗದವರಲ್ಲಿ 1ರಿಂದ 5 ಜನರಿಗೆ ಹೀಗಾಗುತ್ತದೆ. ಮಾತ್ರೆ ತಗೊಳ್ಳುವವರಲ್ಲಿ 3ರಿಂದ 9. ಬಸುರಿಯರಲ್ಲಿ 5ರಿಂದ 20. ಅಂದರೆ ಮಾತ್ರೆಗಿಂತ ಬಸಿರಿನಲ್ಲೇ ಅಪಾಯ ಜಾಸ್ತಿ. ಆದರೆ ಕೆಲವರು ಈ ಬಗೆಯ ಮಾತ್ರೆ ತಗೊಳ್ಳಲೇಬಾರದು: 35 ದಾಟಿ ಸಿಗರೇಟು ಸೇದುವವರು, ಬಿಪಿ ಇರುವವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು, ತಲೆನೋವಿಗೆ ಮೊದಲು ಕಣ್ಣೆದುರು ಬೆಳಕಿನ ಗೆರೆ ಅಥವಾ ಚುಕ್ಕಿ ಕಾಣುವ ಬಗೆಯ ಮೈಗ್ರೇನ್ ಇರುವವರು, ಹೆರಿಗೆಯಾಗಿ ಮೂರು ವಾರ ಕಳೆಯದವರು. ಹಾಲೂಡಿಸುತ್ತಿದ್ದರೆ ಕಡೇಪಕ್ಷ ಆರು ವಾರ ಬೇಡ. ಇವರಲ್ಲಿ ಹೆಚ್ಚಿನವರಿಗೆ ಪ್ರೊಜೆಸ್ಟಿನ್ ಮಾತ್ರ ಇರುವ ಮಾತ್ರೆ ಆಗುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ತಗೊಳ್ಳಬೇಕು. ಹಳೆಯ ಬಗೆಯದಕ್ಕೆ ಮೂರೇ ಗಂಟೆ ವಿನಾಯಿತಿ, ಡೆಸೊಜೆಸ್ಟ್ರೆಲ್ ಇರುವುದಕ್ಕೆ 12 ಗಂಟೆ.

ಮರೆತರೆ? ಎರಡೂ ಹಾರ್ಮೋನು ಇರುವ ಮಾತ್ರೆ ಒಂದು ಮರೆತಿದ್ದರೆ, ನೆನಪಾದ ಕೂಡಲೇ ನುಂಗಿ. ಮುಂದಿನದನ್ನು ಅದರ ಹೊತ್ತಿಗೇ ತಗೊಳ್ಳಿ. ಎರಡು ಅಥವಾ ಹೆಚ್ಚು ಮರೆತಿದ್ದರೆ, ಸತತ 7 ದಿನ ಮಾತ್ರೆ ತಗೊಂಡು ಮುಗಿಯುವವರೆಗೂ ಕಾಂಡೋಮ್ ಬಳಸಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್ ಮಾತ್ರೆಯ ಬಲ ಕುಗ್ಗಿಸುತ್ತವೆ. ಇಂಪ್ಲಾಂಟಿಗೂ ಅದೇ ತೊಂದರೆ. ಅಂಥವರಿಗೆ ಇಂಜೆಕ್ಷನ್ ಅಥವಾ ಕಾಪರ್ ಟಿ ಮೇಲು.

ಚರ್ಮಕ್ಕೆ ಅಂಟಿಸುವ ಪಟ್ಟಿ, ಯೋನಿಯೊಳಗೆ ಇಡುವ ಉಂಗುರವೂ ಇದೇ ಎರಡು ಹಾರ್ಮೋನಿನವು. ಪಟ್ಟಿಯನ್ನು ವಾರಕ್ಕೊಮ್ಮೆ ಬದಲಿಸಬೇಕು, ಉಂಗುರ ಮೂರು ವಾರ ಒಳಗಿರುತ್ತದೆ. ದಿನಾ ನೆನಪಿಡುವುದು ಕಷ್ಟ ಅನ್ನುವವರಿಗೆ ಒಳ್ಳೆಯದು, ಆದರೆ ಎಲ್ಲ ಕಡೆ ಸಿಗುವುದಿಲ್ಲ.

ಕಾಪರ್ ಟಿ ಮತ್ತು ಹಾರ್ಮೋನು ಇರುವ ವಂಕಿ

ಎರಡೂ ಗರ್ಭಕೋಶದೊಳಗೆ ಇಡುವ ಸಣ್ಣ ಸಾಧನಗಳೇ, ಎರಡಕ್ಕೂ ವಂಕಿ ಅಂತಲೇ ಹೆಸರು. ಆದರೆ ಮುಟ್ಟಿನ ವಿಷಯದಲ್ಲಿ ಒಂದಕ್ಕೊಂದು ಪೂರ್ತಿ ಉಲ್ಟಾ. ಕಾಪರ್ ಟಿಯಲ್ಲಿ ಹಾರ್ಮೋನಿಲ್ಲ, ತಾಮ್ರವೇ ವೀರ್ಯಾಣುವನ್ನು ತಡೆಯುತ್ತದೆ. ಹಾಕಿದ ಕ್ಷಣದಿಂದ ಕೆಲಸ ಶುರು. 380ಎ ಎಂಬ ಬಗೆ 10 ವರ್ಷ ಬರುತ್ತದೆ. ಆದರೆ ರಕ್ತಸ್ರಾವ ಮತ್ತು ನೋವು ಹೆಚ್ಚುತ್ತವೆ, ಅದರಲ್ಲೂ ಮೊದಲ ಕೆಲವು ತಿಂಗಳು. ಮೊದಲೇ ಮುಟ್ಟು ಜಾಸ್ತಿ ಇದ್ದು, ರಕ್ತಹೀನತೆಯೂ ಇದ್ದರೆ ಇನ್ನೊಮ್ಮೆ ಯೋಚಿಸಿ. ಲೆವೊನಾರ್ಜೆಸ್ಟ್ರೆಲ್ ಹಾರ್ಮೋನು ಇರುವ ವಂಕಿ ಮುಟ್ಟನ್ನು ತಗ್ಗಿಸುತ್ತದೆ. ಒಂದು ವರ್ಷದ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟೇ ನಿಲ್ಲುತ್ತದೆ. ಇದು ಕಾಯಿಲೆಯಲ್ಲ, ಕೆಟ್ಟ ರಕ್ತ ಒಳಗೆ ತುಂಬಿಕೊಳ್ಳುವುದೂ ಇಲ್ಲ. ಒಳಪದರವೇ ಬೆಳೆಯದಿದ್ದಾಗ ಹೊರಬರಲು ಏನೂ ಇರುವುದಿಲ್ಲ. 52 ಮಿಲಿಗ್ರಾಂ ಇರುವಂಥದ್ದು 8 ವರ್ಷದವರೆಗೂ ನಡೆಯುತ್ತದೆ. ಬೆಲೆ ಮಾತ್ರ ಕಾಪರ್ ಟಿಗಿಂತ ಸಾಮಾನ್ಯವಾಗಿ ಜಾಸ್ತಿ.

"ಮಗು ಆಗದವರಿಗೆ ಹಾಕಬಾರದು" ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದು ಹಳೆಯ ಮಾತು. ಅಮೆರಿಕದಲ್ಲಿ ಡಾಲ್ಕನ್ ಶೀಲ್ಡ್ ಎಂಬ ವಂಕಿಯಿಂದ ಎಷ್ಟೋ ಹೆಂಗಸರಿಗೆ ಗಂಭೀರ ಸೋಂಕು ತಗುಲಿ, 1974ರಲ್ಲಿ ಅದರ ಮಾರಾಟ ನಿಂತಿತು. ಆಗ ಹುಟ್ಟಿದ ಭಯ ಎಲ್ಲ ವಂಕಿಗಳ ಮೇಲೂ ಬಿತ್ತು. ಇಂದಿನವು ಬಂಜೆತನ ತರುವುದಿಲ್ಲ. ಸೋಂಕಿನ ಸಾಧ್ಯತೆ ಹಾಕಿದ ಮೊದಲ ಮೂರು ವಾರ ಸ್ವಲ್ಪ ಹೆಚ್ಚು, ಆಮೇಲೆ ತೀರಾ ಕಡಿಮೆ. ಗರ್ಭಕೋಶಕ್ಕೆ ತೂತಾಗುವುದು ಸಾವಿರದಲ್ಲಿ ಒಂದರಷ್ಟು. ತಾನಾಗಿ ಜಾರಿ ಬೀಳುವುದು ಅದಕ್ಕಿಂತ ಸಾಮಾನ್ಯ, ಮೊದಲ ವರ್ಷದಲ್ಲಿ ನೂರರಲ್ಲಿ 2ರಿಂದ 10 ಜನರಿಗೆ. ಹಾಗಾಗಿ ವಂಕಿಯಿಂದ ಯೋನಿಯೊಳಕ್ಕೆ ಇಳಿದಿರುವ ದಾರ ಕೈಗೆ ಸಿಗುತ್ತದೆಯೇ ಎಂದು ಆಗಾಗ ನೋಡಿಕೊಳ್ಳುವುದನ್ನು ಕಲಿಸಿಕೊಡಲು ಕೇಳಿ.

ಹಾಕುವಾಗಿನ ನೋವಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. "ಏನಿಲ್ಲ, ಒಂದು ಚಿಟಿಕೆ ನೋವು" ಎಂದು ಹೇಳಿ ಶುರು ಮಾಡುತ್ತಾರೆ. ಕೆಲವರಿಗೆ ನಿಜಕ್ಕೂ ಅಷ್ಟೇ. ಇನ್ನು ಕೆಲವರಿಗೆ ಕಣ್ಣು ಕತ್ತಲೆ ಬರುವಷ್ಟು ನೋವಾಗುತ್ತದೆ, ಯೋನಿಯ ಮೂಲಕ ಹೆರಿಗೆ ಆಗಿರದವರಿಗೆ ಇದು ಹೆಚ್ಚು. ಆಗ "ಇಷ್ಟಕ್ಕೇ ಹೀಗೆ ಮಾಡಿದರೆ ಹೆರಿಗೆ ಹೇಗೆ ತಡ್ಕೊಳ್ತೀರಿ" ಎಂದು ಗದರುವುದು ಚಿಕಿತ್ಸೆಯಲ್ಲ, ಕ್ರೌರ್ಯ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2024ರ ಮಾರ್ಗಸೂಚಿಯಲ್ಲಿ ನೋವಿನ ಬಗ್ಗೆ ಪ್ರತಿಯೊಬ್ಬರ ಜೊತೆಯೂ ಮೊದಲೇ ಮಾತಾಡಬೇಕು, ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧ ಉಪಯೋಗಕ್ಕೆ ಬರಬಹುದು ಎಂದಿದೆ. ಅದು ಸಿಗುತ್ತದೆಯೇ ಎಂದು ಕೇಳಿ. "ನಾನು ನಿಲ್ಲಿಸಿ ಅಂದರೆ ನಿಲ್ಲಿಸಬೇಕು" ಎಂದು ಮೊದಲೇ ಹೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಇಂಪ್ಲಾಂಟ್

ಬೆಂಕಿಕಡ್ಡಿಯಷ್ಟು ಉದ್ದದ ಮೆತ್ತನೆಯ ಕಡ್ಡಿಯನ್ನು ಮೇಲ್ದೋಳಿನ ಚರ್ಮದಡಿ ಇಡುತ್ತಾರೆ. ಯಾವ ಬಗೆ ಎಂಬುದರ ಮೇಲೆ 3ರಿಂದ 5 ವರ್ಷ ನಡೆಯುತ್ತದೆ. ಒಳಪರೀಕ್ಷೆ ಇಲ್ಲ, ದಿನಾ ನೆನಪಿಡಬೇಕಿಲ್ಲ, ತೆಗೆಸಿದರೆ ಬಸಿರಾಗುವ ಶಕ್ತಿ ಬೇಗ ಮರಳುತ್ತದೆ. ಪರಿಣಾಮದಲ್ಲಿ ಇದೇ ಮೊದಲು. ತೊಂದರೆ ಎಂದರೆ ಹೇಳದೆ ಕೇಳದೆ ಬರುವ ರಕ್ತಸ್ರಾವ. ಕೆಲವರಿಗೆ ತಿಂಗಳುಗಟ್ಟಲೆ ಬರೀ ರಕ್ತದ ಕಲೆ ಕಾಣುತ್ತದೆ, ಕೆಲವರಿಗೆ ಏನೂ ಇಲ್ಲ. ಮೊದಲ ಮೂರು ತಿಂಗಳು ಹೇಗಿತ್ತೋ ಮುಂದೆಯೂ ಹೆಚ್ಚುಕಡಿಮೆ ಹಾಗೇ ಎಂದು ಅಂದಾಜು ಮಾಡಬಹುದು. ಹತ್ತಿರದಲ್ಲಿ ತೆಗೆಯಬಲ್ಲವರು ಇದ್ದರೆ ಮಾತ್ರ ಇದನ್ನು ಆರಿಸಿ.

ಇಂಜೆಕ್ಷನ್

ಮೂರು ತಿಂಗಳಿಗೊಮ್ಮೆ ಒಂದು ಚುಚ್ಚುಮದ್ದು. ಮನೆಯಲ್ಲಿ ಪೊಟ್ಟಣ ಇಡಬೇಕಿಲ್ಲ, ಮೈಮೇಲೆ ಗುರುತಿಲ್ಲ. ಸಂಗಾತಿಗೆ ತಿಳಿಯದಂತೆ ತಮ್ಮನ್ನು ಕಾಪಾಡಿಕೊಳ್ಳಬೇಕಾದ ಹೆಂಗಸರು ಇದ್ದಾರೆ. ಅವರಿಗೆ ಇದು ದೊಡ್ಡ ಆಸರೆ. ಮುಟ್ಟಿನ ಬದಲಾವಣೆ ಮಾತ್ರ ಕಣ್ಣಿಗೆ ಬೀಳಬಹುದು: ಮೊದಲು ಏರುಪೇರು, ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಿಗೆ ಮುಟ್ಟು ನಿಲ್ಲುತ್ತದೆ. ಚರ್ಮದಡಿಗೆ ಹಾಕುವ ಬಗೆಯನ್ನು ಕಲಿತು ತಾವೇ ಚುಚ್ಚಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿದೆ. ಆಸ್ಪತ್ರೆ ದೂರ ಇರುವವರಿಗೆ ಇದರಿಂದ ಓಡಾಟ ಎಷ್ಟೋ ಉಳಿಯುತ್ತದೆ.

ಎರಡು ವಿಷಯ ತಿಳಿದು ತಗೊಳ್ಳಿ. ಕೊನೆಯ ಇಂಜೆಕ್ಷನ್ ಆದ ಮೇಲೆ ಬಸಿರಾಗಲು ಸುಮಾರು 10 ತಿಂಗಳು ಹಿಡಿಯಬಹುದು. ಒಂದು ವರ್ಷದಲ್ಲಿ ಮಗು ಬೇಕು ಅನ್ನುವವರಿಗೆ ಇದು ಸರಿಯಲ್ಲ. ಬಳಸುವಷ್ಟು ಕಾಲ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಬಹುಪಾಲು ಮರಳುತ್ತದೆ. ಕೆಲವರಿಗೆ ತೂಕವೂ ಏರುತ್ತದೆ.

ಕಾಂಡೋಮ್ ಮತ್ತು ತುರ್ತು ಮಾತ್ರೆ

ಎಚ್‌ಐವಿ ಮತ್ತು ಬೇರೆ ಲೈಂಗಿಕ ಸೋಂಕುಗಳನ್ನು ತಡೆಯುವುದು ಮೇಲಿನ ಯಾವುದಕ್ಕೂ ಆಗುವುದಿಲ್ಲ. ಅದಕ್ಕೆ ಕಾಂಡೋಮೇ ಬೇಕು. ಬೇರೆ ವಿಧಾನದ ಜೊತೆಗೂ ಬಳಸಬಹುದು. ಆದರೆ ಗಂಡಸರ ಕಾಂಡೋಮ್ ಬಳಸಲು ಅವರ ಒಪ್ಪಿಗೆ ಬೇಕು. ಪ್ರತಿ ಸಲವೂ ಬೇಡಿಕೊಳ್ಳಬೇಕಾದ ಪರಿಸ್ಥಿತಿ ಇದ್ದರೆ, ಬಸಿರು ತಡೆಯಲು ಅದೊಂದನ್ನೇ ನಂಬಬೇಡಿ. ಲ್ಯಾಟೆಕ್ಸ್ ಕಾಂಡೋಮಿಗೆ ಎಣ್ಣೆ ಹಚ್ಚಿದರೆ ಹರಿಯುತ್ತದೆ.

ತುರ್ತು ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್ ಇರುವುದನ್ನು 72 ಗಂಟೆಯೊಳಗೆ ತಗೊಳ್ಳಬೇಕು, ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಯುಲಿಪ್ರಿಸ್ಟಾಲ್ ಇರುವುದು 120 ಗಂಟೆಯವರೆಗೂ ಕೆಲಸ ಮಾಡುತ್ತದೆ. ಇವು ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುತ್ತವೆ. ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ. ತೂಕ ಜಾಸ್ತಿ ಇರುವವರಲ್ಲಿ ಲೆವೊನಾರ್ಜೆಸ್ಟ್ರೆಲ್ ಪರಿಣಾಮ ಕಡಿಮೆಯಾಗಬಹುದು. ಐದು ದಿನದೊಳಗೆ ಕಾಪರ್ ಟಿ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಖಚಿತ, ಅದು ಮುಂದಕ್ಕೂ ಉಳಿಯುತ್ತದೆ.

ಆಪರೇಷನ್

ಇನ್ನು ಮಕ್ಕಳು ಬೇಡವೇ ಬೇಡ ಎಂದು ತೀರ್ಮಾನಿಸಿದವರಿಗೆ ಮಾತ್ರ ಇದು. ಹೆಂಗಸರಿಗೆ ಮಾಡುವ ಟ್ಯೂಬೆಕ್ಟಮಿಗೆ ಹೊಟ್ಟೆಯೊಳಗೆ ಹೋಗಬೇಕು. ಗಂಡಸರಿಗೆ ಮಾಡುವ ವ್ಯಾಸೆಕ್ಟಮಿಗೆ ಅದು ಬೇಕಿಲ್ಲ, ಅದು ಸರಳ, ಸುರಕ್ಷಿತ, ಗಂಡಸರ ಶಕ್ತಿಯನ್ನೂ ಆಸೆಯನ್ನೂ ಕುಂದಿಸುವುದಿಲ್ಲ. ಮೂರು ತಿಂಗಳು ಕಾದು ವೀರ್ಯ ಪರೀಕ್ಷೆ ಮಾಡಿಸುವವರೆಗೆ ಬೇರೆ ರಕ್ಷಣೆ ಬೇಕು, ಅಷ್ಟೇ. ದಂಪತಿಗಳು ಮಾತಾಡುವಾಗ ಮೊದಲು ಮೇಜಿನ ಮೇಲೆ ಬರಬೇಕಾದದ್ದು ವ್ಯಾಸೆಕ್ಟಮಿ. ಬಸಿರು, ಹೆರಿಗೆ ಎಲ್ಲ ಹೊತ್ತವಳ ಮೇಲೇ ಇದನ್ನೂ ಹೊರಿಸುವುದು ಯಾಕೆ? ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಟ್ಯೂಬೆಕ್ಟಮಿ ಮಾಡಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು 14 ವರ್ಷದೊಳಗೆ ಪಶ್ಚಾತ್ತಾಪಪಟ್ಟಿದ್ದರು. 30 ದಾಟಿದವರಲ್ಲಿ ಅದು ನೂರಕ್ಕೆ 6. ಹೆರಿಗೆ ನೋವಿನ ಮಧ್ಯೆ, ಯಾರದೋ ಒತ್ತಾಯಕ್ಕೆ ಸಹಿ ಹಾಕಬೇಡಿ. ಅನುಮಾನ ಇದ್ದರೆ ಕಾಪರ್ ಟಿ, ಇಂಪ್ಲಾಂಟುಗಳೂ ಹೆಚ್ಚುಕಡಿಮೆ ಅಷ್ಟೇ ಗಟ್ಟಿ.

ಯಾರಿಗೆ ಯಾವುದು

ಈಗಷ್ಟೇ ಬಾಣಂತಿ ಆಗಿದ್ದೀರಾ? ಮಗುವಿಗೆ ಬರೀ ಎದೆಹಾಲು, ಹಗಲು ರಾತ್ರಿ ಕೊಡುತ್ತಿದ್ದು, ಮುಟ್ಟು ಮರಳದೆ, ಆರು ತಿಂಗಳು ಆಗದಿದ್ದರೆ ಆ ಹಾಲೂಡಿಕೆಯೇ ನೂರಕ್ಕೆ 98ರಷ್ಟು ರಕ್ಷಣೆ. ಮೂರರಲ್ಲಿ ಒಂದು ತಪ್ಪಿದರೂ ಬೇರೆ ಬೇಕು. ಕಾಪರ್ ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ ನಾಲ್ಕು ವಾರದ ಮೇಲೆ ಹಾಕಬಹುದು. ಇಂಪ್ಲಾಂಟ್, ಪ್ರೊಜೆಸ್ಟಿನ್ ಮಾತ್ರೆ ಕೂಡಲೇ ಶುರು ಮಾಡಬಹುದು. ಹೆರಿಗೆಯ ಸುಸ್ತಿನಲ್ಲಿ ಇದನ್ನೆಲ್ಲ ಯೋಚಿಸುವುದು ಕಷ್ಟ, ಬಸಿರಿನಲ್ಲೇ ಡಾಕ್ಟರ ಬಳಿ ಮಾತಾಡಿಡಿ.

ಒಂದೆರಡು ವರ್ಷದಲ್ಲಿ ಮಗು ಬೇಕಾದವರಿಗೆ ಮಾತ್ರೆ ಅನುಕೂಲ. ನಾಲ್ಕೈದು ವರ್ಷ ಬೇಡ ಅನ್ನುವವರು ವಂಕಿ ಅಥವಾ ಇಂಪ್ಲಾಂಟ್ ಕಡೆ ನೋಡಿ. ಹಾರ್ಮೋನೇ ಒಗ್ಗದವರಿಗೆ ಕಾಪರ್ ಟಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ, ಹಣ ಹೊಂದಿಸಲು ಆದರೆ, ನನ್ನ ಮೊದಲ ಸಲಹೆ ಹಾರ್ಮೋನು ವಂಕಿ. 40 ದಾಟಿದವರು "ಇನ್ನೇನು ಮುಟ್ಟು ನಿಲ್ಲುತ್ತದಲ್ಲ" ಎಂದು ಬಿಟ್ಟುಬಿಡಬೇಡಿ. ಮುಟ್ಟು ತಾನಾಗಿ ನಿಂತು, 50 ದಾಟಿದ್ದರೆ ಒಂದು ವರ್ಷ, ಅದಕ್ಕಿಂತ ಚಿಕ್ಕವರಾದರೆ ಎರಡು ವರ್ಷ ಮುಂದುವರಿಸಬೇಕು.

ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಪ್ರಶ್ನೆಗಳ ಸುರಿಮಳೆ ಎದುರಿಸಿದವರು, ಗಂಡನ ಸಹಿ ತನ್ನಿ ಎಂದು ಕೇಳಿಸಿಕೊಂಡವರು ಬಹಳ ಜನ. ಇದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಒಬ್ಬರೇ ಎದುರಿಸಲು ಕಷ್ಟವಾದರೆ ಗೆಳತಿಯನ್ನು ಕರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಒಂದೇ ವಿಧಾನದ ಹೆಸರು ಹೇಳಿ ಮುಗಿಸಿದರೆ "ಬೇರೆ ಏನೇನಿದೆ?" ಎಂದು ಕೇಳಿ.

ಆರಿಸಿದ್ದು ಒಗ್ಗದಿದ್ದರೆ ಬದಲಿಸಬಹುದು. ಸಣ್ಣಪುಟ್ಟ ಓಕರಿಕೆ, ರಕ್ತದ ಕಲೆ, ಸ್ತನಗಳ ಬಿಗಿತಕ್ಕೆ ಮೂರು ತಿಂಗಳು ಕೊಟ್ಟು ನೋಡಿ. ಆದರೆ ಮನಸ್ಸು ಕುಗ್ಗಿದರೆ, ನೋವು ತಡೆಯಲಾಗದಿದ್ದರೆ ಅಷ್ಟು ದಿನ ಕಾಯಬೇಕಿಲ್ಲ. ಒಂದು ಕಾಲು ಮಾತ್ರ ಊದಿ ನೋವಾಗುವುದು, ಎದೆನೋವು, ಉಸಿರಾಟದ ತೊಂದರೆ, ಹಿಂದೆಂದೂ ಬರದಂಥ ತಲೆನೋವು, ವಂಕಿ ಇರುವಾಗ ಜ್ವರದ ಜೊತೆ ಕಿಬ್ಬೊಟ್ಟೆ ನೋವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬದಲಿಸುವಾಗ ಹಳೆಯದನ್ನು ನಿಲ್ಲಿಸಿ ಮುಂದಿನ ಮುಟ್ಟಿಗಾಗಿ ಕಾಯಬೇಡಿ, ಬೇಡದ ಬಸಿರು ಆಗುವುದು ಆ ಮಧ್ಯದ ದಿನಗಳಲ್ಲೇ. ಹೊಸದನ್ನು ಶುರು ಮಾಡುವ ದಿನವನ್ನು ಗೊತ್ತುಮಾಡಿಕೊಂಡ ಮೇಲೇ ಹಳೆಯದನ್ನು ಬಿಡಿ. ಹೊಸದು ಹಾರ್ಮೋನಿನದಾದರೆ ಮೊದಲ 7 ದಿನ ಕಾಂಡೋಮ್ ಜೊತೆಗಿರಲಿ.